ಕಾಪ್‌ಗೆ ಹೊರಡುವ ಮುಂಚೆ: ಹವಾಮಾನ ಹಣಕಾಸಿನ ಮಾತುಕತೆಗೆ ಇಳಿಯುವ ಯುವಜನರಿಗೆ ಹಂತ ಹಂತದ ಮಾರ್ಗದರ್ಶಿ

ಪ್ರತಿ ವರ್ಷ ಅಕ್ಟೋಬರ್ ಬಂತೆಂದರೆ ಒಂದೇ ಪ್ರಶ್ನೆ. "ಕಾಪ್‌ಗೆ ಬ್ಯಾಡ್ಜ್ ಎಲ್ಲಿ ಸಿಗುತ್ತೆ?" ಕಾಪ್ ಅಂದರೆ ವಿಶ್ವಸಂಸ್ಥೆಯ ವಾರ್ಷಿಕ ಹವಾಮಾನ ಸಮಾವೇಶ, ಬ್ಯಾಡ್ಜ್ ಅಂದರೆ ಅದರ ಪ್ರವೇಶ ಪತ್ರ. ಹೇಗೋ ಸಿಕ್ಕವರು ಹೋಗುತ್ತಾರೆ, ಎರಡು ವಾರ ಪೆವಿಲಿಯನ್‌ಗಳ ನಡುವೆ ಓಡಾಡುತ್ತಾರೆ, ಫೋಟೋ ಹಾಕುತ್ತಾರೆ, ವಾಪಸ್ ಬಂದು "ನಮ್ಮ ಮಾತು ಯಾರೂ ಕೇಳಲಿಲ್ಲ" ಅನ್ನುತ್ತಾರೆ. ಕೇಳಲಿಲ್ಲ ಅನ್ನುವುದು ನಿಜವೇ ಇರಬಹುದು. ಆದರೆ ಹೇಳುವುದಕ್ಕೆ ಏನಿತ್ತು, ಯಾರಿಗೆ ಹೇಳಬೇಕಿತ್ತು, ಯಾವ ತಿಂಗಳಲ್ಲಿ ಹೇಳಬೇಕಿತ್ತು ಅಂತ ಕೇಳಿದರೆ ಹೆಚ್ಚಿನವರ ಹತ್ತಿರ ಉತ್ತರ ಇರುವುದಿಲ್ಲ.

ಎಡವಟ್ಟಾಗುವುದು ಕ್ರಮದಲ್ಲಿ. ಮೊದಲು ಬ್ಯಾಡ್ಜ್, ಆಮೇಲೆ ವಿಷಯ ಅಂತ ಹೊರಡುತ್ತಾರೆ. ಕೆಳಗಿನ ಪಟ್ಟಿಯಲ್ಲಿ ಬ್ಯಾಡ್ಜ್ ಏಳನೆಯದು. ಅದಕ್ಕೆ ಮುಂಚಿನ ಆರೂ ಹಂತಗಳನ್ನು ಹುಬ್ಬಳ್ಳಿಯಲ್ಲೋ ಪುತ್ತೂರಿನಲ್ಲೋ ಕೂತುಕೊಂಡೇ ಮಾಡಬಹುದು.

ಶುರು ಮಾಡಲು ಏನೇನು ಬೇಕು

ಒಂದು ಇಮೇಲ್, ಒಂದು ಸ್ಪ್ರೆಡ್‌ಶೀಟ್, ಇಂಗ್ಲಿಷ್ ಓದುವ ತಾಳ್ಮೆ. ಇಂಗ್ಲಿಷ್ ಯಾಕೆ ಅಂದರೆ, ದೊಡ್ಡ ಸಭೆಗಳಿಗೆ ವಿಶ್ವಸಂಸ್ಥೆಯ ಆರು ಭಾಷೆಗಳಲ್ಲಿ ಅನುವಾದ ಇರುತ್ತದೆ, ಆದರೆ ತೀರ್ಮಾನದ ಪಠ್ಯದ ಸಾಲು ಸಾಲಿನ ಜಗಳ ನಡೆಯುವ ಚಿಕ್ಕ ಕೋಣೆಗಳಲ್ಲಿ ಇಂಗ್ಲಿಷ್ ಒಂದೇ.

ಇವುಗಳ ಜೊತೆಗೆ ಮೂರು ಕಡೆ ಕಣ್ಣಿಡಿ. ಯುಎನ್‌ಎಫ್‌ಸಿಸಿಸಿ ವೆಬ್‌ಸೈಟಿನ ದಾಖಲೆಗಳ ವಿಭಾಗ (ಕಾಪ್ ನಡೆಸುವ ವಿಶ್ವಸಂಸ್ಥೆಯ ಹವಾಮಾನ ಸಂಸ್ಥೆಯೇ ಯುಎನ್‌ಎಫ್‌ಸಿಸಿಸಿ). ಸಮಾವೇಶದ ದಿನಗಳಲ್ಲಿ ದಿನಾ ಬರುವ ಅರ್ಥ್ ನೆಗೋಷಿಯೇಷನ್ಸ್ ಬುಲೆಟಿನ್, ಇದರಲ್ಲಿ ಯಾವ ದೇಶ ಏನು ಹೇಳಿತು ಅಂತ ಪಕ್ಷಪಾತ ಇಲ್ಲದೆ ಬರೆದಿರುತ್ತಾರೆ. ಮತ್ತೆ ಥರ್ಡ್ ವರ್ಲ್ಡ್ ನೆಟ್‌ವರ್ಕ್‌ನ ವರದಿಗಳು. ಇವು ಅಭಿವೃದ್ಧಿಶೀಲ ದೇಶಗಳ ಕಡೆ ನಿಂತು ಬರೆದವು, ಅದನ್ನು ತಿಳಿದುಕೊಂಡೇ ಓದಿ. ಹಣಕಾಸಿನ ವಿಷಯದಲ್ಲಿ ಎರಡೂ ಬೇಕು.

ಹಂತ 1: ಒಂದೇ ಎಳೆ ಹಿಡಿಯಿರಿ

"ಹವಾಮಾನ ಹಣಕಾಸು", ಅಂದರೆ ಹವಾಮಾನ ಬದಲಾವಣೆ ಎದುರಿಸಲು ಬೇಕಾದ ಹಣ, ಅನ್ನುವುದು ಒಂದು ವಿಷಯವೇ ಅಲ್ಲ, ಹತ್ತು ವಿಷಯಗಳ ಗಂಟು. ಒಟ್ಟು ಗುರಿ ಎಷ್ಟು, ಯಾರು ಕೊಡಬೇಕು, ಹೊಂದಾಣಿಕೆಗೆ (ಬದಲಾದ ಹವಾಮಾನಕ್ಕೆ ತಕ್ಕಂತೆ ಸಿದ್ಧವಾಗಲು) ಎಷ್ಟು, ನಷ್ಟ ಮತ್ತು ಹಾನಿಗೆ (ಆಗಿಹೋದ ಹಾನಿ ತುಂಬಲು) ಎಷ್ಟು, ಸಾಲವೋ ಅನುದಾನವೋ, ಲೆಕ್ಕ ಇಡುವುದು ಹೇಗೆ. ಪ್ರತಿಯೊಂದಕ್ಕೂ ಬೇರೆ ಅಜೆಂಡಾ, ಬೇರೆ ಕೋಣೆ, ಬೇರೆ ಅಧಿಕಾರಿಗಳು.

ಯಾವುದಾದರೂ ಒಂದನ್ನು ಆರಿಸಿ. ಹೊಸಬರಿಗೆ ನಾನು ಹೇಳುವುದು ಹೊಂದಾಣಿಕೆಯ ಹಣ. ಬರ, ನೆರೆ, ಬೆಳೆ, ಕುಡಿಯುವ ನೀರು ಎಲ್ಲ ಅದರೊಳಗೆ ಬರುತ್ತವೆ, ನಿಮ್ಮೂರಿನ ಅನುಭವ ನೇರವಾಗಿ ಉಪಯೋಗಕ್ಕೆ ಬರುತ್ತದೆ.

ಇಲ್ಲೇ ಒಂದು ಗೊಂದಲ ಬಗೆಹರಿಸಿಕೊಳ್ಳಿ. "ನಮ್ಮ ಸಂಘಕ್ಕೆ ಗ್ರೀನ್ ಕ್ಲೈಮೇಟ್ ಫಂಡ್‌ನಿಂದ ದುಡ್ಡು ಸಿಗುತ್ತಾ?" ಅಂತ ತುಂಬಾ ಜನ ಕೇಳುತ್ತಾರೆ. ಅದು ಬೇರೆಯದೇ ದಾರಿ. ದಕ್ಷಿಣ ಕೊರಿಯಾದ ಸಾಂಗ್ಡೋದಲ್ಲಿರುವ ಆ ಅಂತರರಾಷ್ಟ್ರೀಯ ಹವಾಮಾನ ನಿಧಿಗೆ ವ್ಯಕ್ತಿಗಳಾಗಲಿ ಚಿಕ್ಕ ಸಂಘಗಳಾಗಲಿ ನೇರವಾಗಿ ಅರ್ಜಿ ಹಾಕುವ ಹಾಗಿಲ್ಲ. ಮಾನ್ಯತೆ ಪಡೆದ ಸಂಸ್ಥೆಯ ಮೂಲಕವೇ ಹೋಗಬೇಕು. ಭಾರತದಲ್ಲಿ ನಬಾರ್ಡ್, ಸಿಡ್ಬಿ ಬ್ಯಾಂಕುಗಳಿಗೆ ಆ ಮಾನ್ಯತೆ ಇದೆ, ಕೇಂದ್ರ ಪರಿಸರ ಸಚಿವಾಲಯದ ಒಪ್ಪಿಗೆ ಪತ್ರವೂ ಬೇಕು. ದುಡ್ಡು ತರುವುದೇ ನಿಮ್ಮ ಉದ್ದೇಶವಾಗಿದ್ದರೆ ಈ ಮಾರ್ಗದರ್ಶಿಯನ್ನು ಇಲ್ಲಿಗೇ ಬಿಟ್ಟು ನಬಾರ್ಡ್‌ನ ಬೆಂಗಳೂರು ಕಚೇರಿಯ ಕಡೆ ನಡೆಯಿರಿ. ಆ ದುಡ್ಡಿನ ನಿಯಮ ಬರೆಯುವ ಜಾಗದಲ್ಲಿ ಕೈಯಾಡಿಸಬೇಕು ಅಂದರೆ ಮುಂದೆ ಓದಿ.

ಹಂತ 2: ಪಠ್ಯ ಓದಲು ಕಲಿಯಿರಿ

ಇದನ್ನು ಬಿಟ್ಟು ಮುಂದೆ ಹೋದವರು ಯಾರೂ ದಡ ಸೇರಿದ್ದನ್ನು ನಾನು ನೋಡಿಲ್ಲ. ಬೇಜಾರಿನ ಕೆಲಸ, ಒಪ್ಪುತ್ತೇನೆ. ಆದರೂ ಮಾಡಲೇಬೇಕು.

2024ರಲ್ಲಿ ಅಜರ್‌ಬೈಜಾನ್‌ನ ಬಾಕುವಿನಲ್ಲಿ ನಡೆದ ಸಮಾವೇಶದ ಹಣಕಾಸು ತೀರ್ಮಾನವನ್ನು ಡೌನ್‌ಲೋಡ್ ಮಾಡಿಕೊಳ್ಳಿ. ಅದರ ಗುರುತು 1/ಸಿಎಂಎ.6. ಕೆಲವೇ ಪುಟ ಇದೆ. ಪತ್ರಿಕೆಗಳಲ್ಲಿ ನೀವು ಎರಡು ಅಂಕಿ ಓದಿರುತ್ತೀರಿ: ವರ್ಷಕ್ಕೆ 300 ಬಿಲಿಯನ್ ಡಾಲರ್, ಮತ್ತು 1.3 ಟ್ರಿಲಿಯನ್ ಡಾಲರ್. ಎರಡಕ್ಕೂ ಗಡುವು 2035. ಈಗ ಆ ಎರಡು ಸಾಲುಗಳನ್ನು ಅಕ್ಕಪಕ್ಕ ಇಟ್ಟು ಕ್ರಿಯಾಪದ ನೋಡಿ.

300 ಬಿಲಿಯನ್ ಇರುವ ಸಾಲಿನಲ್ಲಿ "ಡಿಸೈಡ್ಸ್" ಅಂತಿದೆ. ಅಂದರೆ ತೀರ್ಮಾನ. ಶ್ರೀಮಂತ ದೇಶಗಳು ಮುಂದಾಳತ್ವ ವಹಿಸುತ್ತವೆ ಅಂತಲೂ ಇದೆ. 1.3 ಟ್ರಿಲಿಯನ್ ಇರುವ ಸಾಲಿನಲ್ಲಿ "ಕಾಲ್ಸ್ ಆನ್ ಆಲ್ ಆ್ಯಕ್ಟರ್ಸ್". ಎಲ್ಲರಿಗೂ ಒಂದು ಕರೆ, ಅಷ್ಟೇ. ಎಲ್ಲರ ಜವಾಬ್ದಾರಿ ಅಂದಮೇಲೆ ನಾಳೆ ಹೋಗಿ ಕೇಳುವುದು ಯಾರನ್ನ?

ಇನ್ನೂ ಸ್ವಲ್ಪ ಹತ್ತಿರದಿಂದ ನೋಡಿ. 300 ಬಿಲಿಯನ್ ಎಲ್ಲಿಂದ ಬರುತ್ತದೆ ಅನ್ನುವ ಕಡೆ ಸರ್ಕಾರಿ, ಖಾಸಗಿ, ಪರ್ಯಾಯ ಮೂಲ ಎಲ್ಲವೂ ಸೇರಿವೆ. ಹಾಗಾಗಿ "ಶ್ರೀಮಂತ ದೇಶಗಳು 300 ಬಿಲಿಯನ್ ಕೊಡುತ್ತವೆ" ಅಂತ ಬರೆದರೆ ತಪ್ಪು. ಈ ತಪ್ಪು ಇರುವ ಹೇಳಿಕೆ ಕೈಗೆ ಬಂದ ಕೂಡಲೇ ಮಾತುಕತೆ ನಡೆಸುವವರು ಅದನ್ನು ಪಕ್ಕಕ್ಕಿಡುತ್ತಾರೆ.

ಅದೇ ತೀರ್ಮಾನದಲ್ಲಿ ಯುವಜನರ ಹೆಸರೂ ಇದೆ. ಮಹಿಳೆಯರು, ಮಕ್ಕಳು, ಯುವಜನ, ಅಂಗವಿಕಲರು, ಮೂಲನಿವಾಸಿಗಳು ಇವರಿಗೆಲ್ಲ ಲಾಭ ತಲುಪುವಂತೆ ಮಾಡಿ ಅಂತ. ಅದರ ಕ್ರಿಯಾಪದ "ಅರ್ಜಸ್", ಒತ್ತಾಯ. ಪಾಲು ಎಷ್ಟು, ಲೆಕ್ಕ ಯಾರು ಕೊಡಬೇಕು, ಯಾವಾಗ ಕೊಡಬೇಕು ಅನ್ನುವುದು ಇಲ್ಲ. ಹೆಸರು ಬಂತು ಅಂತ ಖುಷಿಪಟ್ಟು ಸುಮ್ನೆ ಕೂತರೆ ಅಲ್ಲಿಗೇ ಮುಗಿಯಿತು. ಯುನಿಸೆಫ್ ಮತ್ತು ಜೊತೆಗಾರರು 2023ರಲ್ಲಿ ತೆಗೆದ ಲೆಕ್ಕದಲ್ಲಿ, ಮುಖ್ಯ ಬಹುಪಕ್ಷೀಯ ಹವಾಮಾನ ನಿಧಿಗಳ ಹಣದಲ್ಲಿ ಮಕ್ಕಳನ್ನು ಗಮನದಲ್ಲಿಟ್ಟುಕೊಂಡ ಯೋಜನೆಗಳಿಗೆ ಹೋಗಿದ್ದು ಶೇ 2.4 ಮಾತ್ರ.

ಕರಡು ಪಠ್ಯ ಓದುವಾಗ ಇನ್ನೆರಡು ವಿಷಯ ಗೊತ್ತಿರಲಿ. ಚೌಕ ಆವರಣದೊಳಗೆ ಇರುವ ಪದ ಇನ್ನೂ ಒಪ್ಪಿಗೆಯಾಗಿಲ್ಲ. "ಶ್ಯಾಲ್" ಇದ್ದರೆ ಕಡ್ಡಾಯ, "ಶುಡ್" ಇದ್ದರೆ ಮಾಡಿದರೆ ಒಳ್ಳೆಯದು. 2015ರಲ್ಲಿ ಪ್ಯಾರಿಸ್ ಒಪ್ಪಂದದ ಕೊನೇ ಗಳಿಗೆಯಲ್ಲಿ ಶ್ರೀಮಂತ ದೇಶಗಳ ಹೊಗೆ ಕಡಿತದ ಸಾಲಿನಲ್ಲಿ "ಶ್ಯಾಲ್" ಬಂದುಬಿಟ್ಟಿತ್ತು, ಅಮೆರಿಕ ಪಟ್ಟು ಹಿಡಿದು ಅದನ್ನು "ಶುಡ್" ಮಾಡಿಸಿತು. ಆ ಒಂದು ಪದಕ್ಕಾಗಿ ಇಡೀ ಸಭೆ ಕಾಯಬೇಕಾಯಿತು.

ಹಂತ 3: ನಿಮ್ಮೂರಿನ ಲೆಕ್ಕ ಹಾಕಿ

"ನಾವೇ ಭವಿಷ್ಯ", "ನಮ್ಮ ನಾಳೆ ಕಿತ್ತುಕೊಳ್ಳಬೇಡಿ" ತರಹದ ಮಾತುಗಳನ್ನು ಆ ಕೋಣೆಯಲ್ಲಿರುವವರು ಸಾವಿರ ಸಲ ಕೇಳಿದ್ದಾರೆ. ಅವರ ಹತ್ತಿರ ಇಲ್ಲದ್ದು, ನಿಮ್ಮ ಹತ್ತಿರ ಇರುವುದು ಊರಿನ ಲೆಕ್ಕ.

ಒಂದು ಉದಾಹರಣೆ ಮಾಡಿ ತೋರಿಸುತ್ತೇನೆ. 2023ರಲ್ಲಿ ಕರ್ನಾಟಕದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಅಂತ ಸರ್ಕಾರ ಘೋಷಿಸಿತು. ಕೇಂದ್ರದಿಂದ ಕೇಳಿದ್ದು ಸುಮಾರು 18,171 ಕೋಟಿ ರೂಪಾಯಿ. ವಿಷಯ ಸುಪ್ರೀಂ ಕೋರ್ಟ್ ಮೆಟ್ಟಿಲೇರಿ, 2024ರಲ್ಲಿ ಬಂದದ್ದು ಸುಮಾರು 3,454 ಕೋಟಿ. ಕೇಳಿದ ಮೊತ್ತವನ್ನು ಡಾಲರ್‌ಗೆ ತಿರುಗಿಸಿ. ಆಗಿನ ದರ ಸುಮಾರು 83 ರೂಪಾಯಿ, ಹಾಗಾಗಿ 2.2 ಬಿಲಿಯನ್ ಡಾಲರ್ ಹತ್ತಿರ.

ಇದನ್ನು ನಷ್ಟ ಮತ್ತು ಹಾನಿ ನಿಧಿಯ ಪಕ್ಕ ಇಡಿ. 2022ರಲ್ಲಿ ಈಜಿಪ್ಟಿನ ಶರ್ಮ್ ಎಲ್ ಶೇಖ್‌ನಲ್ಲಿ ಒಪ್ಪಿಗೆಯಾದ ಆ ನಿಧಿ ತನ್ನ ಮೊದಲ ಸುತ್ತಿಗೆ ಇಟ್ಟಿರುವುದು 250 ಮಿಲಿಯನ್ ಡಾಲರ್. ಇಡೀ ಪ್ರಪಂಚಕ್ಕೆ. ಅದರಲ್ಲೂ ಕನಿಷ್ಠ ಅರ್ಧ ಚಿಕ್ಕ ದ್ವೀಪ ದೇಶಗಳಿಗೆ ಮತ್ತು ತೀರಾ ಹಿಂದುಳಿದ ದೇಶಗಳಿಗೆ ಮೀಸಲು, ಅದು ಸರಿಯಾದದ್ದೇ. ಒಂದು ರಾಜ್ಯ ಒಂದು ಬರಕ್ಕೆ ಕೇಳಿದ್ದು ಜಗತ್ತಿನ ಮೊದಲ ಸುತ್ತಿನ ಎಂಟು ಪಟ್ಟಿಗಿಂತ ಜಾಸ್ತಿ. ಭಾಷಣ ಇಲ್ಲದೆ ಇಷ್ಟನ್ನೇ ಹೇಳಿದರೂ ಎದುರಿನವರು ಪೆನ್ನು ತೆಗೆಯುತ್ತಾರೆ.

ಇಲ್ಲಿ ಮಾಡುವ ತಪ್ಪುಗಳು ಮೂರು. ಮೊದಲನೆಯದು, ಸೊನ್ನೆಗಳ ಲೆಕ್ಕ. ಬಿಲಿಯನ್ ಅಂದರೆ ನೂರು ಕೋಟಿ, ಟ್ರಿಲಿಯನ್ ಅಂದರೆ ಲಕ್ಷ ಕೋಟಿ. ಇದರಲ್ಲಿ ಒಂದು ಸೊನ್ನೆ ತಪ್ಪಿದರೆ ಇಡೀ ವಾದ ಬಿದ್ದುಹೋಗುತ್ತದೆ. ಎರಡನೆಯದು, ಆ ಬರವನ್ನು ಪೂರ್ತಿ ಹವಾಮಾನ ಬದಲಾವಣೆಯ ಲೆಕ್ಕಕ್ಕೆ ಬರೆಯುವುದು. ಎಲ್ ನಿನೊ ಇತ್ತು, ಕೆರೆ ಒತ್ತುವರಿ ಇದೆ, ಬೋರ್‌ವೆಲ್ ಇದೆ. "ಇಂಥ ಬರಗಳಿಗೆ ಈಗ ಆಗುತ್ತಿರುವ ಖರ್ಚು ಇಷ್ಟು" ಅಂತ ಹೇಳಿ, ಅದರಾಚೆ ಎಳೆಯಬೇಡಿ. ಮೂರನೆಯದು, ಸಾಲ ಮತ್ತು ಅನುದಾನವನ್ನು ಒಂದೇ ಅಂಕಿಯಲ್ಲಿ ಸೇರಿಸುವುದು. ವರ್ಷಕ್ಕೆ 100 ಬಿಲಿಯನ್ ಕೊಡುತ್ತೇವೆ ಅಂತ ಶ್ರೀಮಂತ ದೇಶಗಳು 2009ರಲ್ಲಿ ಕೊಟ್ಟ ಮಾತು 2020ಕ್ಕೆ ಈಡೇರಬೇಕಿತ್ತು. ಶ್ರೀಮಂತ ದೇಶಗಳ ಕೂಟ ಒಇಸಿಡಿಯ ಲೆಕ್ಕದ ಪ್ರಕಾರ ಅದು ಈಡೇರಿದ್ದು 2022ರಲ್ಲಿ, 115.9 ಬಿಲಿಯನ್. ಆದರೆ ಅದರ ಸರ್ಕಾರಿ ಹಣದಲ್ಲಿ ಮೂರನೇ ಎರಡರಷ್ಟು ಸಾಲವೇ.

ಹಂತ 4: ಯಂಗೋ ಸೇರಿ

ಯಂಗೋ ಅಂದರೆ ಯುಎನ್‌ಎಫ್‌ಸಿಸಿಸಿ ಒಳಗೆ ಮಕ್ಕಳು ಮತ್ತು ಯುವಜನರ ಅಧಿಕೃತ ವಿಭಾಗ. ಇಂಥ ವಿಭಾಗಗಳು ಒಟ್ಟು ಒಂಬತ್ತು ಇವೆ. ಯಂಗೋಗೆ 2009ರಲ್ಲಿ ತಾತ್ಕಾಲಿಕ ಮಾನ್ಯತೆ, 2011ರಲ್ಲಿ ಪೂರ್ಣ ಮಾನ್ಯತೆ ಸಿಕ್ಕಿತು. 35 ವರ್ಷದೊಳಗಿನ ಯಾರು ಬೇಕಾದರೂ ಸೇರಬಹುದು, ಸಂಘ ಇರಬೇಕು ಅಂತಿಲ್ಲ.

ಸೇರಿದ ಮೇಲೆ ಹಣಕಾಸಿನ ಕಾರ್ಯಗುಂಪನ್ನು ಹುಡುಕಿ ಅದಕ್ಕೆ ಮಾತ್ರ ಹೆಸರು ಕೊಡಿ. ಎಲ್ಲ ಗುಂಪಿಗೂ ಸೇರಿದರೆ ಮೊದಲ ವಾರದಲ್ಲೇ ಮೆಸೇಜ್‌ಗಳಲ್ಲಿ ಮುಳುಗಿಹೋಗುತ್ತೀರಿ. ಒಂದೆರಡು ತಿಂಗಳು ಆನ್‌ಲೈನ್ ಸಭೆಗಳಲ್ಲಿ ಕೂತು ಕೇಳಿ, ಆಮೇಲೆ ಯಾರೂ ಮುಟ್ಟದ ಬೇಜಾರಿನ ಕೆಲಸ ಒಂದನ್ನು ತೆಗೆದುಕೊಳ್ಳಿ: ಸಭೆಯ ಟಿಪ್ಪಣಿ, ಎರಡು ಕರಡುಗಳ ಹೋಲಿಕೆ, ದೇಶಗಳ ನಿಲುವಿನ ಪಟ್ಟಿ. ಅಲ್ಲಿ ನಂಬಿಕೆ ಗಳಿಸುವ ದಾರಿ ಇದೇ.

ಕಾಪ್‌ಗೆ ಮುಂಚೆ ಸಿಒವೈ ಅನ್ನುವ ಯುವ ಸಮಾವೇಶ, ಅದಕ್ಕೂ ಮುಂಚೆ ಎಲ್‌ಸಿಒವೈ ಅನ್ನುವ ದೇಶಮಟ್ಟದ ಸಮಾವೇಶಗಳು ನಡೆಯುತ್ತವೆ. ಇವುಗಳಿಂದ ಜಾಗತಿಕ ಯುವ ಹೇಳಿಕೆ ತಯಾರಾಗುತ್ತದೆ. ನಿಮ್ಮ ಬರದ ಲೆಕ್ಕ ಆ ಹೇಳಿಕೆಯ ಹಣಕಾಸು ಭಾಗಕ್ಕೆ ಹೋಗಬೇಕು. ವೇದಿಕೆ ಮೇಲೆ ಸೆಲ್ಫಿ ತೆಗೆದುಕೊಂಡು ಬರುವುದು ಕೆಲಸ ಅಲ್ಲ.

ಹಂತ 5: ಒಂದು ವಾಕ್ಯ ಬರೆಯಿರಿ

ಐದು ಪುಟದ ಮನವಿ ಬೇಡ. ತೀರ್ಮಾನದೊಳಗೆ ಹಾಗೇ ಕೂರಿಸಬಹುದಾದ ಒಂದೇ ವಾಕ್ಯ.

2025ರಲ್ಲಿ ಬ್ರೆಜಿಲ್‌ನ ಬೆಲೆಮ್‌ನಲ್ಲಿ ನಡೆದ ಸಮಾವೇಶದಲ್ಲಿ ಹೊಂದಾಣಿಕೆ ಹಣವನ್ನು 2035ರೊಳಗೆ ಕನಿಷ್ಠ ಮೂರು ಪಟ್ಟು ಮಾಡಲು ಕರೆ ಕೊಟ್ಟರು. ಒಳ್ಳೆಯದು. ಆದರೆ ಯಾವ ವರ್ಷದ ಮೊತ್ತಕ್ಕೆ ಮೂರು ಪಟ್ಟು ಅಂತ ಆ ಸಾಲಿನಲ್ಲಿ ಇಲ್ಲ. 2021ರ ಗ್ಲಾಸ್ಗೋ ಪಠ್ಯದಲ್ಲಿ ಎರಡು ಪಟ್ಟು ಅಂದಾಗ 2019ರ ಮಟ್ಟಕ್ಕೆ ಅಂತ ಸ್ಪಷ್ಟವಾಗಿ ಬರೆದಿದ್ದರು. ಈಗ ನಿಮ್ಮ ವಾಕ್ಯ ತಾನಾಗೇ ಸಿಗುತ್ತದೆ: ಮೂಲ ವರ್ಷ ಯಾವುದು ಅಂತ ಬರೆಯಿರಿ, ಅದರಲ್ಲಿ ಅನುದಾನ ಎಷ್ಟು ಅಂತ ಪ್ರತ್ಯೇಕವಾಗಿ ತೋರಿಸಿ. ಇಷ್ಟು ಚಿಕ್ಕ ಬೇಡಿಕೆಯಾದರೆ ಒಬ್ಬ ಅಧಿಕಾರಿ ಅದನ್ನು ತನ್ನ ಕಡತದಲ್ಲಿ ಇಟ್ಟುಕೊಂಡು ಕೋಣೆಗೆ ಹೋಗಬಹುದು.

ವಾಕ್ಯ ಸರಿಯಾಗಿದೆಯಾ ಅಂತ ಪರೀಕ್ಷಿಸಲು ನಾಲ್ಕು ಪ್ರಶ್ನೆ ಸಾಕು. ಯಾರು ಮಾಡಬೇಕು? ಏನು ಮಾಡಬೇಕು? ಯಾವಾಗ? ಮಾಡದಿದ್ದರೆ ಗೊತ್ತಾಗುವುದು ಹೇಗೆ? ನಾಲ್ಕರಲ್ಲಿ ಒಂದಕ್ಕೆ ಉತ್ತರ ಇಲ್ಲದಿದ್ದರೂ ಮತ್ತೆ ಬರೆಯಿರಿ.

ಹಂತ 6: ಆ ವಾಕ್ಯಕ್ಕೆ ಒಂದು ದೇಶ ಹುಡುಕಿ

ಇಲ್ಲಿ ಹೆಚ್ಚಿನವರು ಕೈಚೆಲ್ಲುತ್ತಾರೆ. ಪಠ್ಯದಲ್ಲಿ ಒಂದು ಅಲ್ಪವಿರಾಮ ಸೇರಿಸುವ ಹಕ್ಕು ಇರುವುದೂ ದೇಶಗಳಿಗೆ ಮಾತ್ರ. ವೀಕ್ಷಕರು, ಅಂದರೆ ಸಭೆ ನೋಡಲು ಬರುವ ಸಂಘ ಸಂಸ್ಥೆಗಳವರು, ಎಷ್ಟೇ ಚೆನ್ನಾಗಿ ಬರೆದರೂ ಒಂದು ದೇಶ ಅದನ್ನು ಎತ್ತಿ ಹೇಳದಿದ್ದರೆ ಅದು ಪಠ್ಯದ ಹತ್ತಿರ ಸುಳಿಯುವುದಿಲ್ಲ.

ಮಾಡಿದವರು ಇದ್ದಾರೆ. 2019ರಲ್ಲಿ ಸೌತ್ ಪೆಸಿಫಿಕ್ ವಿಶ್ವವಿದ್ಯಾಲಯದ 27 ಕಾನೂನು ವಿದ್ಯಾರ್ಥಿಗಳು ಹವಾಮಾನದ ಪ್ರಶ್ನೆಯನ್ನು ಅಂತರರಾಷ್ಟ್ರೀಯ ನ್ಯಾಯಾಲಯಕ್ಕೆ ಒಯ್ಯಬೇಕು ಅಂತ ಹೊರಟರು. ಅವರಿಗೆ ಆ ಕೋರ್ಟಿಗೆ ಹೋಗುವ ಹಕ್ಕೇ ಇರಲಿಲ್ಲ. ಹಾಗಾಗಿ ಪೆಸಿಫಿಕ್ ದ್ವೀಪಗಳ ಸರ್ಕಾರಗಳಿಗೆ ಪತ್ರ ಬರೆದರು, ವನುವಾಟು ಒಪ್ಪಿತು. 2023ರ ಮಾರ್ಚ್‌ನಲ್ಲಿ ವಿಶ್ವಸಂಸ್ಥೆಯ ಸಾಮಾನ್ಯ ಸಭೆ ಕೋರ್ಟಿನ ಅಭಿಪ್ರಾಯ ಕೇಳುವ ನಿರ್ಣಯ ಮಾಡಿತು, 2025ರ ಜುಲೈ 23ರಂದು ಕೋರ್ಟ್ ತನ್ನ ಅಭಿಪ್ರಾಯ ಕೊಟ್ಟಿತು. ಆರು ವರ್ಷ ಹಿಡಿಯಿತು, ಆದರೆ ಕೆಲಸ ಆಯಿತು.

ನಿಮ್ಮ ವಾಕ್ಯಕ್ಕೆ ಯಾರು ಸರಿ? ಭಾರತ ಅಭಿವೃದ್ಧಿಶೀಲ ದೇಶಗಳ ಜಿ77 ಮತ್ತು ಚೀನಾ ಗುಂಪಿನಲ್ಲಿದೆ, ಸಮಾನ ಮನಸ್ಕ ದೇಶಗಳ ಗುಂಪಿನಲ್ಲಿದೆ, ಬೇಸಿಕ್‌ನಲ್ಲೂ (ಬ್ರೆಜಿಲ್, ದಕ್ಷಿಣ ಆಫ್ರಿಕಾ, ಭಾರತ, ಚೀನಾ ಕೂಟ) ಇದೆ. ಶ್ರೀಮಂತ ದೇಶಗಳ ಸರ್ಕಾರಿ ಹಣ, ಅನುದಾನದ ಪ್ರಶ್ನೆಗೆ ಇವರ ಬೆಂಬಲ ಸಿಗುವ ಸಾಧ್ಯತೆ ಇದೆ. ಭಾರತ ಕೂಡ ತನ್ನ ಲೆಕ್ಕ ಬಹಿರಂಗ ಮಾಡಲಿ ಅಂತ ಕೇಳುವ ವಾಕ್ಯ ಆದರೆ ದೆಹಲಿಯ ಬಾಗಿಲು ಅಷ್ಟು ಸುಲಭವಾಗಿ ತೆರೆಯದು. ಆಗ ದ್ವೀಪ ದೇಶಗಳನ್ನೋ ಹಿಂದುಳಿದ ದೇಶಗಳ ಗುಂಪನ್ನೋ ನೋಡಿ. ಯಂಗೋ ಜೊತೆಗಾರರಲ್ಲಿ ಆ ದೇಶದವರು ಇದ್ದರೆ ಅವರೇ ಮಾತಾಡಲಿ.

ಪತ್ರ ಬರೆಯುವ ಕಾಲ ಏಪ್ರಿಲ್–ಮೇ. ಜೂನ್‌ನಲ್ಲಿ ಜರ್ಮನಿಯ ಬಾನ್‌ನಲ್ಲಿ ಅಧಿಕಾರಿಗಳ ಮಟ್ಟದ ಸಭೆ ಇರುತ್ತದೆ, ಅಲ್ಲೇ ಪಠ್ಯದ ಹಂದರ ಸಿದ್ಧವಾಗುತ್ತದೆ. ನವೆಂಬರ್‌ನಲ್ಲಿ ಹೊಸ ವಿಷಯ ತಂದರೆ ಪಂಕ್ತಿ ಎದ್ದ ಮೇಲೆ ಎಲೆ ಹಿಡಿದು ಬಂದ ಹಾಗೆ. ಕೊನೇ ಗಳಿಗೆಯಲ್ಲಿ ದೇಶಗಳ ಮಾತೂ ನಡೆಯುವುದಿಲ್ಲ ಅನ್ನುವುದಕ್ಕೆ ಬಾಕು ಸಾಕ್ಷಿ. 2024ರ ನವೆಂಬರ್ 24ರ ಬೆಳಗಿನ ಜಾವ ಅಧ್ಯಕ್ಷರು ಸುತ್ತಿಗೆ ಬಡಿದು ತೀರ್ಮಾನ ಅಂಗೀಕರಿಸಿದ ಮೇಲೆ ಭಾರತದ ಪ್ರತಿನಿಧಿ ಚಾಂದನಿ ರೈನಾ ಎದ್ದು, ನಮಗೆ ಮಾತಾಡಲು ಅವಕಾಶವನ್ನೇ ಕೊಡಲಿಲ್ಲ, ಈ ಮೊತ್ತ ನಮಗೆ ಒಪ್ಪಿಗೆ ಇಲ್ಲ ಅಂದರು. ಸಭೆಯಲ್ಲಿ ಚಪ್ಪಾಳೆ ಬಿತ್ತು. ತೀರ್ಮಾನ ಮಾತ್ರ ಹಾಗೇ ಉಳಿಯಿತು.

ಹಂತ 7: ಈಗ ಬ್ಯಾಡ್ಜ್

ನೀಲಿ ವಲಯಕ್ಕೆ, ಅಂದರೆ ಮಾತುಕತೆ ನಡೆಯುವ ಜಾಗಕ್ಕೆ, ವ್ಯಕ್ತಿಯಾಗಿ ಅರ್ಜಿ ಹಾಕಲು ಬರುವುದಿಲ್ಲ. ದೇಶದ ನಿಯೋಗದಲ್ಲಿ ಇರಬೇಕು, ಇಲ್ಲವೇ ಮಾನ್ಯತೆ ಇರುವ ವೀಕ್ಷಕ ಸಂಸ್ಥೆ ನಿಮ್ಮ ಹೆಸರು ಕೊಡಬೇಕು, ಇಲ್ಲವೇ ಪತ್ರಕರ್ತರಾಗಿರಬೇಕು. ನಿಮ್ಮದೇ ಸಂಸ್ಥೆಗೆ ಮಾನ್ಯತೆ ಪಡೆಯಲು ಹೊರಟರೆ ಈ ವರ್ಷದ ಸಮಾವೇಶ ಕೈತಪ್ಪಿತು ಅಂತಲೇ ತಿಳಿಯಿರಿ. ಈಗಾಗಲೇ ಮಾನ್ಯತೆ ಇರುವ ಸಂಸ್ಥೆಗಳ ಪಟ್ಟಿ ವೆಬ್‌ಸೈಟಿನಲ್ಲಿದೆ, ಅದರಲ್ಲಿ ಭಾರತದ ವಿಶ್ವವಿದ್ಯಾಲಯಗಳು, ಸಂಶೋಧನಾ ಸಂಸ್ಥೆಗಳೂ ಇವೆ. ಪ್ರತಿ ಸಂಸ್ಥೆಗೂ ಬ್ಯಾಡ್ಜ್ ಇಂತಿಷ್ಟೇ. ಹೆಸರು ಕೊಡುವ ಗಡುವು ಸಮಾವೇಶಕ್ಕೆ ತಿಂಗಳುಗಟ್ಟಲೆ ಮುಂಚೆ ಮುಗಿಯುತ್ತದೆ. 2026ರ ನವೆಂಬರ್‌ನ ಕಾಪ್‌31 ತುರ್ಕಿಯ ಅಂತಾಲ್ಯದಲ್ಲಿ, ಅಕ್ಟೋಬರ್‌ನಲ್ಲಿ ಕೇಳಿದರೆ ಉಪಯೋಗವಿಲ್ಲ.

ಎಚ್ಚರಿಕೆ. "ಕಾಪ್ ಯುವ ಪ್ರತಿನಿಧಿಯಾಗಿ ಆಯ್ಕೆಯಾಗಿದ್ದೀರಿ, ನೋಂದಣಿ ಶುಲ್ಕ ಕಟ್ಟಿ" ಅಂತ ಇಮೇಲ್ ಬಂದರೆ ಅದು ಮೋಸ. ಯುಎನ್‌ಎಫ್‌ಸಿಸಿಸಿ ನೋಂದಣಿಗೆ ಒಂದು ರೂಪಾಯಿಯನ್ನೂ ಕೇಳುವುದಿಲ್ಲ. ಇನ್ನೊಂದು ಸೂಕ್ಷ್ಮ ಬಲೆ ಇದೆ: ದೊಡ್ಡ ಮೊತ್ತದ ಪ್ಯಾಕೇಜ್ ತೆಗೆದುಕೊಂಡು ಹಸಿರು ವಲಯಕ್ಕೆ ಕರೆದೊಯ್ಯುವವರು. ಹಸಿರು ವಲಯ ವಸ್ತುಪ್ರದರ್ಶನ, ಅಲ್ಲಿ ಮಾತುಕತೆ ನಡೆಯುವುದಿಲ್ಲ. ಯಾವ ವಲಯದ ಬ್ಯಾಡ್ಜ್, ಯಾವ ಸಂಸ್ಥೆಯ ಹೆಸರಿನಲ್ಲಿ ಅಂತ ಲಿಖಿತವಾಗಿ ಕೇಳಿ. ತಡವರಿಸಿದರೆ ದೂರ ಇರಿ.

ಖರ್ಚಿನ ಲೆಕ್ಕ ಮೊದಲೇ ಹಾಕಿ. ಬೆಲೆಮ್‌ನಲ್ಲಿ ಹೋಟೆಲ್ ಬಾಡಿಗೆ ಎಷ್ಟು ಏರಿತೆಂದರೆ ಪ್ರತಿನಿಧಿಗಳಿಗಾಗಿ ಕ್ರೂಸ್ ಹಡಗುಗಳನ್ನು ತಂದು ನಿಲ್ಲಿಸಬೇಕಾಯಿತು. ಮನೆಯ ಒಡವೆ ಅಡವಿಟ್ಟು ಹೋಗುವಂಥದ್ದು ಅಲ್ಲಿ ಏನೂ ಇಲ್ಲ. ಒಮ್ಮೆ ಮಾತ್ರ ಹೋಗಲು ಸಾಧ್ಯ ಅಂದರೆ ನವೆಂಬರ್ ಬಿಟ್ಟು ಜೂನ್‌ನ ಬಾನ್ ಆರಿಸಿ. ಜನ ಕಡಿಮೆ, ಅಧಿಕಾರಿಗಳು ಕ್ಯಾಂಟೀನ್ ಸಾಲಿನಲ್ಲೇ ಸಿಗುತ್ತಾರೆ.

ಹಂತ 8: ಸಭೆಯೊಳಗೆ

ಬೆಳಿಗ್ಗೆ ಎದ್ದ ಕೂಡಲೇ ದಿನದ ಕಾರ್ಯಕ್ರಮ ಪಟ್ಟಿ ನೋಡಿ. ಕಾಂಟ್ಯಾಕ್ಟ್ ಗ್ರೂಪ್ (ಒಂದು ವಿಷಯದ ಪಠ್ಯ ಚರ್ಚಿಸುವ ಸಭೆ) ಅಂತಿದ್ದರೆ, ಮೂರನೇ ಒಂದರಷ್ಟು ದೇಶಗಳು ಆಕ್ಷೇಪಿಸದ ಹೊರತು ವೀಕ್ಷಕರು ಒಳಗೆ ಹೋಗಬಹುದು. ಇನ್‌ಫಾರ್ಮಲ್ ಕನ್ಸಲ್ಟೇಶನ್ (ಅನೌಪಚಾರಿಕ ಸಮಾಲೋಚನೆ) ಅಂತಿದ್ದರೆ ಕನಿಷ್ಠ ಮೊದಲ ಮತ್ತು ಕೊನೆಯ ಸಭೆಗೆ ಬಿಡುವುದು ರೂಢಿ. ಹೊರಗೆ ಹೋಗಿ ಅಂದರೆ ಸುಮ್ಮನೆ ಎದ್ದು ಬನ್ನಿ, ಬಾಗಿಲ ಹೊರಗೆ ಕಾಯಿರಿ. ಹೊರಬರುವ ಅಧಿಕಾರಿಯ ಜೊತೆ ಕಾರಿಡಾರಿನಲ್ಲಿ ನಡೆಯುತ್ತಾ ಸಿಗುವ ಒಂದು ನಿಮಿಷಕ್ಕೆ ಬೆಲೆ ಜಾಸ್ತಿ. ನಿಮ್ಮ ವಾಕ್ಯ ಮುದ್ರಿಸಿದ ಅರ್ಧ ಹಾಳೆ ಕೈಯಲ್ಲಿರಲಿ.

ದೊಡ್ಡ ಸಭೆಯಲ್ಲಿ ಯಂಗೋಗೆ ಮಾತಾಡಲು ಸಿಗುವುದು ಹೆಚ್ಚೆಂದರೆ ಎರಡು ನಿಮಿಷ, ಅದೂ ದೇಶಗಳೆಲ್ಲ ಮುಗಿಸಿದ ಮೇಲೆ, ಸಮಯ ಉಳಿದರೆ. ಎರಡು ನಿಮಿಷದ ಭಾಷಣದ ಜೊತೆ ಮೂವತ್ತು ಸೆಕೆಂಡಿನದೂ ಒಂದು ಬರೆದಿಟ್ಟುಕೊಳ್ಳಿ. ಅಧ್ಯಕ್ಷರು ಮೈಕ್ ಕತ್ತರಿಸುವ ಮುಂಚೆ ಬೇಡಿಕೆ ಹೇಳಿರಬೇಕು, ಧನ್ಯವಾದ ಆಮೇಲೆ.

ಅನುಮತಿ ಇಲ್ಲದೆ ಘೋಷಣೆ ಕೂಗಿದರೆ, ಬ್ಯಾನರ್ ಬಿಚ್ಚಿದರೆ ಬ್ಯಾಡ್ಜ್ ಕಿತ್ತುಕೊಳ್ಳುತ್ತಾರೆ. ಮುಚ್ಚಿದ ಸಭೆಯ ಫೋಟೋ ಹಾಕಬೇಡಿ. ಯಾರೋ ಅಧಿಕಾರಿ ನಂಬಿ ಹೇಳಿದ್ದನ್ನು ಅವರ ಹೆಸರು ಸೇರಿಸಿ ಪೋಸ್ಟ್ ಮಾಡಿದರೆ ನಿಮ್ಮದಷ್ಟೇ ಅಲ್ಲ, ಮುಂದೆ ಬರುವವರ ಬಾಗಿಲೂ ಮುಚ್ಚುತ್ತದೆ.

ಇನ್ನೊಂದು ಸೂಚನೆ ಗಮನಿಸಿ. ಯುವಜನರ ವೇದಿಕೆ, ಯುವಜನರ ಊಟ, ಮಂತ್ರಿಗಳ ಜೊತೆ ಯುವಜನರ ಫೋಟೋ, ಹೀಗೆ ಕರೆ ಮೇಲೆ ಕರೆ ಬರುತ್ತಿದ್ದರೆ ನಿಮ್ಮ ದಿನ ಎಲ್ಲಿ ಹೋಗುತ್ತಿದೆ ಅಂತ ನೋಡಿಕೊಳ್ಳಿ. ಆ ಹೊತ್ತಿಗೆ ಹಣಕಾಸಿನ ಕೋಣೆಯಲ್ಲಿ ಏನು ನಡೆಯುತ್ತಿತ್ತು ಅಂತ ಗೊತ್ತಿಲ್ಲದಿದ್ದರೆ ಆ ಊಟ ದುಬಾರಿ.

ಹಂತ 9: ವಾಪಸ್ ಬಂದ ಮೇಲೆ

ಮೊದಲ ವಾರದಲ್ಲೇ ಮೂರು ಸಾಲು ಬರೆದಿಡಿ. ನಿಮ್ಮ ವಾಕ್ಯದ ಗತಿ ಏನಾಯಿತು, ಯಾವ ದೇಶ ಅಡ್ಡ ನಿಂತಿತು, ಅದೇ ವಿಷಯ ಮತ್ತೆ ಯಾವಾಗ ಬರುತ್ತದೆ. ಬೆಲೆಮ್‌ನಲ್ಲಿ ಹವಾಮಾನ ಹಣಕಾಸಿನ ಬಗ್ಗೆ ಎರಡು ವರ್ಷದ ಕಾರ್ಯಕ್ರಮ ಒಂದಕ್ಕೆ ಒಪ್ಪಿದ್ದಾರೆ, ಶ್ರೀಮಂತ ದೇಶಗಳ ಬಾಧ್ಯತೆ ಹೇಳುವ ಪ್ಯಾರಿಸ್ ಒಪ್ಪಂದದ 9.1ನೇ ವಿಧಿಯೂ ಅದರಲ್ಲಿ ಬರುತ್ತದೆ. ಈ ತರಹದ ಪ್ರಕ್ರಿಯೆಗಳಲ್ಲಿ ವೀಕ್ಷಕರಿಂದ ಲಿಖಿತ ಅಭಿಪ್ರಾಯ ಕರೆಯುತ್ತಾರೆ. ಅದಕ್ಕೆ ವೀಸಾ ಬೇಡ, ವಿಮಾನ ಬೇಡ, ಗಡುವಿನೊಳಗೆ ಪೋರ್ಟಲ್‌ಗೆ ಹಾಕಿದರೆ ಸಾಕು, ಆದರೂ ಹಾಕುವವರು ಕಡಿಮೆ.

ಕಾರ್ಯಗುಂಪುಗಳಲ್ಲಿ ಜನ ಬೇಗ ಬದಲಾಗುತ್ತಾರೆ. ಕೆಲಸ ಸಿಗುತ್ತದೆ, ಪರೀಕ್ಷೆ ಬರುತ್ತದೆ, ವಯಸ್ಸು 35 ದಾಟುತ್ತದೆ. ಹಾಗಾಗಿ ದೇಶಗಳ ನಿಲುವಿನ ಪಟ್ಟಿ, ಕರಡುಗಳು, ಯಾರಿಗೆ ಯಾವಾಗ ಪತ್ರ ಹೋಯಿತು ಅನ್ನುವ ಶೀಟ್ ಎಲ್ಲವೂ ಗುಂಪಿನ ಖಾತೆಯಲ್ಲಿರಲಿ. ನಿಮ್ಮ ಕಾಲೇಜಿನ ಇಮೇಲ್‌ನಲ್ಲಿ ಇಟ್ಟಿದ್ದರೆ ಡಿಗ್ರಿ ಮುಗಿದು ಆ ಖಾತೆ ಮುಚ್ಚುವ ಮುಂಚೆ ವರ್ಗಾಯಿಸಿ.